ಸೇತುವೆಯಾದ ಮೇಲೂ ಲಾಂಚ್ ದಡಕ್ಕೆ ಕರೆದ ನಕ್ಷೆ: ಶರಾವತಿ ಹಿನ್ನೀರಿನಲ್ಲಿ ಮುಕ್ತ ತಂತ್ರಾಂಶದ ಆ್ಯಪ್‌ಗಳ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

2025ರ ಜುಲೈ 14ರಂದು ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯಲ್ಲಿ ನೀರು ನಿಂತ ಮೇಲೆ ತುಮರಿ, ಬ್ಯಾಕೋಡು, ಸಿಗಂದೂರು ಸೀಮೆಯವರು ತಾಲ್ಲೂಕು ಕೇಂದ್ರಕ್ಕೆ ಬರಬೇಕಾದರೆ ಜನರನ್ನೂ ವಾಹನಗಳನ್ನೂ ನೀರು ದಾಟಿಸುವ ದೋಣಿಯಾದ ಲಾಂಚ್ ಹತ್ತಬೇಕಿತ್ತು, ಇಲ್ಲವೇ ಹಿನ್ನೀರನ್ನು ಬಳಸಿಕೊಂಡು ಹಲವು ಪಟ್ಟು ದೂರದ ದಾರಿ ಹಿಡಿಯಬೇಕಿತ್ತು. ಲಾಂಚ್ ಹಗಲು ಮಾತ್ರ ಓಡುತ್ತಿದ್ದುದರಿಂದ ಸಂಜೆಯ ಕೊನೆಯ ಸುತ್ತು ತಪ್ಪಿದವರು, ಅವರಲ್ಲಿ ರೋಗಿಗಳೂ ಇದ್ದರು, ಬೆಳಗಾಗುವವರೆಗೆ ಕಾಯುತ್ತಿದ್ದರು. ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಈ ಅರವತ್ತು ವರ್ಷಗಳ ಕಾಯುವಿಕೆಯನ್ನು ಕೊನೆಗೊಳಿಸಿತು.

ಸೇತುವೆ ತೆರೆದ ಆಸುಪಾಸಿನ ಐದು ತಿಂಗಳಲ್ಲಿ, ಅಂದರೆ 2025ರ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ, ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಒಂದು ಸಣ್ಣ ತಂಡ ಮುಕ್ತ ತಂತ್ರಾಂಶದ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ, ನಕ್ಷೆ ಆ್ಯಪ್‌ಗಳನ್ನು ನೆಚ್ಚಿಕೊಂಡು ಕೆಲಸ ಮಾಡಿದ ಅನುಭವವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ತಂಡದಲ್ಲಿ ಒಬ್ಬ ನರ್ಸ್, ಒಬ್ಬ ಚಾಲಕ ಮತ್ತು ವಾರಕ್ಕೊಮ್ಮೆ ಜೊತೆಗೂಡುವ ವೈದ್ಯರಿದ್ದರು. ಯಾವ ದಿನ ಯಾವ ಮನೆ, ಯಾವ ದಾರಿ ಎಂದು ಹೊಂದಿಸುವುದು ಮತ್ತು ಫೋನುಗಳನ್ನು ಸಿದ್ಧಪಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ನಡೆದ ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ ಆಗಿದ್ದರಿಂದ ಅವುಗಳನ್ನು ಬಿಡಿಸಿ ಬರೆಯುವುದು ನನ್ನ ಹೊಣೆಯೆಂದು ಭಾವಿಸಿದ್ದೇನೆ.

ಆಯ್ಕೆಯ ಕಾರಣಗಳು

ಹಿನ್ನೀರಿನ ಆಚೆ ಮೊಬೈಲ್ ಸಿಗ್ನಲ್ ಗುಡ್ಡದ ನೆತ್ತಿಯಲ್ಲಿ ಬಂದು ಕಣಿವೆಗೆ ಇಳಿದೊಡನೆ ಮಾಯವಾಗುತ್ತದೆ. ದಾರಿ ಕೇಳಬೇಕೆನ್ನಿಸುವ ತಿರುವುಗಳೆಲ್ಲ ಕಣಿವೆಯಲ್ಲೇ ಇರುತ್ತವೆ. ಹೀಗಾಗಿ ಇಡೀ ರಾಜ್ಯದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಹುಡುಕಾಟ ಮತ್ತು ದಾರಿಯ ಲೆಕ್ಕ ಎರಡನ್ನೂ ಫೋನಿನೊಳಗೇ ಮಾಡಬಲ್ಲ ಆ್ಯಪ್ ನಮಗೆ ಬೇಕಿತ್ತು. ಆಸ್ಮ್ಯಾಂಡ್ ಮತ್ತು ಆರ್ಗ್ಯಾನಿಕ್ ಮ್ಯಾಪ್ಸ್ ಎರಡೂ ಇದನ್ನು ಮಾಡುತ್ತವೆ, ಮತ್ತು ಎರಡಕ್ಕೂ ಆಧಾರ ಒಂದೇ: 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ, ಈಗ ಜಗತ್ತಿನ ಸ್ವಯಂಸೇವಕರು ಕಟ್ಟುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ದತ್ತಾಂಶ. ಜಿಪಿಎಸ್ ಗ್ರಹಿಕೆಗೆ ಇಂಟರ್ನೆಟ್ ಬೇಕಿಲ್ಲ. ಆದರೆ ನೆಟ್‌ವರ್ಕ್ ಇಲ್ಲದ ಕಡೆ ಫೋನನ್ನು ಹೊಸದಾಗಿ ಆನ್ ಮಾಡಿದರೆ ಉಪಗ್ರಹಗಳನ್ನು ಹಿಡಿಯಲು ಅದು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಆದ್ದರಿಂದ ಸಾಗರದಲ್ಲಿ ಹೊರಡುವಾಗಲೇ ಆ್ಯಪ್ ತೆರೆದಿಡುವುದನ್ನು ರೂಢಿ ಮಾಡಿಕೊಂಡೆವು.

ಎರಡನೆಯ ಕಾರಣ ನನಗೆ ಮೊದಲನೆಯದಕ್ಕಿಂತ ಮುಖ್ಯವಾಗಿತ್ತು. ನಮ್ಮ ಪಟ್ಟಿಯಲ್ಲಿದ್ದ ಪ್ರತಿಯೊಂದು ಮನೆಯೂ ಒಬ್ಬ ರೋಗಿಯ ಮನೆ. ಯಾವ ವಾಹನ ಯಾವ ದಿನ ಎಷ್ಟು ಹೊತ್ತು ಯಾರ ಅಂಗಳದಲ್ಲಿ ನಿಂತಿತ್ತು ಎಂಬ ಮಾಹಿತಿ ಬೇರೊಬ್ಬರ ಸರ್ವರ್ ಸೇರುವುದು ನಮಗೆ ಒಪ್ಪಿಗೆಯಾಗಲಿಲ್ಲ. ಈ ಆ್ಯಪ್‌ಗಳಲ್ಲಿ ಗುರುತು ಹಾಕಿಕೊಂಡ ಸ್ಥಳಗಳು ಒಂದು ಫೈಲಾಗಿ ಫೋನಿನಲ್ಲೇ ಉಳಿಯುತ್ತವೆ. ನಾವಾಗಿ ಕಳಿಸಿದರೆ ಮಾತ್ರ ಹೊರಗೆ ಹೋಗುತ್ತವೆ. ಕೋಡ್ ಬಹಿರಂಗವಾಗಿರುವುದರಿಂದ ಈ ಮಾತನ್ನು ಬಲ್ಲವರು ಪರೀಕ್ಷಿಸಿ ನೋಡಬಹುದು. ರೋಗಿಯ ಮನೆಯವರು ಕೇಳಿದಾಗ ಇದನ್ನು ಧೈರ್ಯವಾಗಿ ಹೇಳಲು ಸಾಧ್ಯವಾಯಿತು.

ನಕ್ಷೆ ತಪ್ಪಿದ್ದರೆ ನಾವೇ ತಿದ್ದಬಹುದು ಎಂಬುದು ಮೂರನೆಯ ಕಾರಣ. ಈ ಅನುಕೂಲದ ಬೆಲೆ ಏನೆಂದು ಆಗ ನಮಗೆ ಗೊತ್ತಿರಲಿಲ್ಲ.

ಕಾಲುಸಂಕದ ಘಟನೆ

ಜೂನ್ ಮೂರನೆಯ ವಾರ ಮಳೆ ಹಿಡಿದು ಸುರಿಯುತ್ತಿತ್ತು. ಬ್ಯಾಕೋಡು ಕಡೆಯ ಒಂದು ಒಂಟಿಮನೆಗೆ ಹೋಗಬೇಕಿದ್ದ ವ್ಯಾನಿಗೆ ಆ್ಯಪ್ ಎರಡು ದಾರಿಗಳಲ್ಲಿ ಹತ್ತಿರದ್ದನ್ನು ತೋರಿಸಿತು. ಮಣ್ಣುರಸ್ತೆಯಲ್ಲಿ ಸುಮಾರು ಒಂದು ಕಿಲೋಮೀಟರ್ ಇಳಿದ ಮೇಲೆ ದಾರಿ ಹಳ್ಳದ ದಂಡೆಯಲ್ಲಿ ನಿಂತುಹೋಯಿತು. ಪರದೆಯ ಮೇಲೆ ಗೆರೆ ಮಾತ್ರ ನಿಲ್ಲದೆ ಹಳ್ಳ ದಾಟಿ ಆಚೆಯ ತೋಟದ ಅಂಚಿನಲ್ಲಿ ಮನೆಯವರೆಗೆ ಸಾಗಿತ್ತು. ಗೆರೆ ದಾಟಿದ್ದ ಜಾಗದಲ್ಲಿ ನಿಜಕ್ಕೂ ಇದ್ದದ್ದು ಅಡಿಕೆ ದಬ್ಬೆಗಳನ್ನು ಜೋಡಿಸಿ, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು ಕಟ್ಟಿದ, ಒಬ್ಬರು ನಡೆಯುವಷ್ಟು ಅಗಲದ ಕಾಲುಸಂಕ. ಆಚೆ ದಡದಲ್ಲಿ ಕಂಬಳಿಕೊಪ್ಪೆ ಹೊದ್ದು ನಿಂತಿದ್ದ ಅಜ್ಜಿಯೊಬ್ಬರು, "ಸಂಕದ ಮೇಲೆ ಗಾಡಿ ಬರ್ತದಾ ತಮಾ? ಶಾಲೆ ಬದಿಯಿಂದ ಸುತ್ತಿ ಬರ್ಬೇಕಿತ್ತು" ಎಂದು ಕೂಗಿ ಹೇಳಿದರು. ನಮ್ಮ ನರ್ಸ್ ಔಷಧಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಸಂಕ ದಾಟಿ ಹೋದರು. ಕೆಸರಿನಲ್ಲಿ ವ್ಯಾನು ತಿರುಗಿಸಲು ಚಾಲಕರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಅಂದು ರಾತ್ರಿ ಕಂಪ್ಯೂಟರಿನಲ್ಲಿ ಆ ಗೆರೆಯನ್ನು ತೆರೆದು ನೋಡಿದಾಗ ತಪ್ಪು ಹೇಗಾಯಿತೆಂದು ಅರ್ಥವಾಯಿತು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಸ್ತೆಯೆಂದರೆ ಬಿಂದುಗಳನ್ನು ಸೇರಿಸಿ ಎಳೆದ ರೇಖೆ ಮತ್ತು ಅದಕ್ಕೆ ಅಂಟಿಸಿದ ಟ್ಯಾಗ್‌ಗಳು: ಯಾವ ದರ್ಜೆಯ ರಸ್ತೆ, ಡಾಂಬರೋ ಮಣ್ಣೋ, ಸೇತುವೆ ಇದೆಯೋ ಇಲ್ಲವೋ. ಉಪಗ್ರಹ ಚಿತ್ರ ನೋಡಿ ಗೆರೆ ಎಳೆದವರಿಗೆ ಹಳ್ಳದ ಎರಡೂ ಬದಿಗೆ ಗಾಡಿದಾರಿಗಳು ಕಂಡಿವೆ, ನಡುವೆ ಮರಗಳ ದಟ್ಟ ಹಸಿರು ಕಂಡಿದೆ. ಎರಡೂ ತುದಿಗಳನ್ನು ಸೇರಿಸಿ ಒಂದೇ ಗಾಡಿದಾರಿಯೆಂದು ಗುರುತಿಸಿದ್ದಾರೆ. ಮಲೆನಾಡಿನಲ್ಲಿ ಈ ತಪ್ಪು ಆಗುವುದು ಸಹಜ. ಮೇಲಿನಿಂದ ನೋಡುವವರಿಗೆ ಕಾಡು, ಅಡಿಕೆ ತೋಟ, ಹಳ್ಳ ಎಲ್ಲವೂ ಒಂದೇ ಹಸಿರಾಗಿ ಕಾಣುತ್ತವೆ. ಗೆರೆ ಎಳೆದವರ ಮೇಲೆ ನನಗೆ ಸಿಟ್ಟಿಲ್ಲ, ಏಕೆಂದರೆ ಆ ಮನೆಯತ್ತ ಒಂದು ಗೆರೆಯಾದರೂ ಇದ್ದದ್ದು ಅವರ ಪುಕ್ಕಟೆ ದುಡಿಮೆಯಿಂದ.

ತಿದ್ದುಪಡಿಗೆ ಹತ್ತು ನಿಮಿಷ ಸಾಕಾಯಿತು. ರೇಖೆಯನ್ನು ಎರಡೂ ದಡಗಳಲ್ಲಿ ಕತ್ತರಿಸಿ, ನಡುವಿನ ತುಂಡನ್ನು ಕಾಲುದಾರಿ ಮತ್ತು ಸೇತುವೆ ಎಂದು ಬದಲಿಸಿ, ಶಾಲೆಯ ಕಡೆಯ ರಸ್ತೆಯನ್ನು ಮನೆಯವರೆಗೆ ಎಳೆದೆ. ಇದನ್ನು ಆ್ಯಪ್‌ನೊಳಗೆ ಮಾಡಲಾಗಲಿಲ್ಲ ಎಂಬುದು ಗಮನಿಸಬೇಕಾದ ಮಿತಿ. ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ಅಂಗಡಿ, ಆಸ್ಪತ್ರೆ, ದೇವಸ್ಥಾನಗಳಂಥ ಸ್ಥಳಗಳನ್ನು ಸೇರಿಸಬಹುದು, ಅವುಗಳ ಹೆಸರು ಮತ್ತು ವೇಳೆಯನ್ನು ತಿದ್ದಬಹುದು. ಆದರೆ ರಸ್ತೆ ಎಳೆಯಲಾಗದು. ರಸ್ತೆಗೆ ಬ್ರೌಸರ್‌ನಲ್ಲಿ ತೆರೆಯುವ ನಕ್ಷೆ ತಿದ್ದುವ ಸಾಧನವೋ, ಆಂಡ್ರಾಯ್ಡ್‌ನಲ್ಲಿ ಅದೇ ಕೆಲಸ ಮಾಡುವ ವೆಸ್ಪುಚಿ ಎಂಬ ಆ್ಯಪೋ ಬೇಕು. ವ್ಯಾನಿನಲ್ಲಿ ಕುಳಿತು ತಪ್ಪನ್ನು ಕಣ್ಣಾರೆ ಕಾಣುವ ನರ್ಸ್ ಮತ್ತು ಚಾಲಕರು ಇವುಗಳನ್ನು ಕಲಿಯುವ ಸ್ಥಿತಿಯಲ್ಲಿರಲಿಲ್ಲ. ಅವರು ಹೇಳಬೇಕು, ನಾನು ತಿದ್ದಬೇಕು ಎಂಬ ಏರ್ಪಾಟಿನಲ್ಲಿ ನಾನು ಊರಲ್ಲಿಲ್ಲದ ವಾರ ಯಾವ ತಿದ್ದುಪಡಿಯೂ ಆಗುತ್ತಿರಲಿಲ್ಲ.

ಸೇತುವೆಯ ಘಟನೆ

ಕಾಲುಸಂಕವನ್ನು ತಿದ್ದಿದ ಮರುದಿನ ಆ್ಯಪ್ ಹಳೆಯ ದಾರಿಯನ್ನೇ ತೋರಿಸಿದಾಗ ನನಗೆ ಒಂದು ಸಂಗತಿ ತಿಳಿಯಬೇಕಿತ್ತು, ತಿಳಿಯಲಿಲ್ಲ. ಅದನ್ನು ಕಲಿಸಲು ಸೇತುವೆಯೇ ಬರಬೇಕಾಯಿತು.

ಸೇತುವೆ ತೆರೆದ ಹದಿನೈದು ದಿನಕ್ಕೆ ನಮ್ಮ ಚಾಲಕರು ರಜೆ ಹಾಕಿ, ಚಿತ್ರದುರ್ಗದ ಕಡೆಯವರೊಬ್ಬರು ಅವರ ಬದಲಿಗೆ ಬಂದಿದ್ದರು. ಬೆಳಿಗ್ಗೆ ಹೋಗುವಾಗ ಮುಂದಿದ್ದ ಬಸ್ಸನ್ನು ಹಿಂಬಾಲಿಸಿ ಸೇತುವೆ ದಾಟಿದ್ದರು. ಸಂಜೆ ತುಮರಿಯಿಂದ ಹಿಂದಿರುಗುವಾಗ ಕತ್ತಲಾಗಿತ್ತು, ಮಳೆಗೆ ಗಾಜು ಮಸುಕಾಗಿತ್ತು, ದಣಿದಿದ್ದ ನರ್ಸ್ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಕಳಸವಳ್ಳಿಯಲ್ಲಿ ಹೊಸ ರಸ್ತೆ ಸೇತುವೆಯ ಕಡೆಗೂ ಹಳೆಯ ರಸ್ತೆ ಲಾಂಚ್ ದಡದ ಕಡೆಗೂ ಕವಲೊಡೆಯುವಲ್ಲಿ ಫೋನಿನ ಧ್ವನಿ ಹಳೆಯ ರಸ್ತೆಗೆ ತಿರುಗಲು ಹೇಳಿತು. ಅವರು ತಿರುಗಿಸಿದರು. ದೀಪದ ಬೆಳಕಿಗೆ ಎದುರಿಗೆ ನೀರು ಹೊಳೆದಾಗ ಬ್ರೇಕ್ ಹಾಕಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಎಚ್ಚರವಾದ ನರ್ಸ್ ಮರುದಿನ ನನ್ನ ಮೇಜಿನ ಮುಂದೆ ಬಂದು ಫೋನ್ ಇಟ್ಟು ಕೇಳಿದ ಪ್ರಶ್ನೆಗೆ, "ಸೇತುವೆ ಇಡೀ ರಾಜ್ಯಕ್ಕೆ ಗೊತ್ತು ಸರ್, ಇದಕ್ಕೆ ಯಾಕೆ ಗೊತ್ತಿಲ್ಲ?" ಎಂಬುದಕ್ಕೆ, ಉತ್ತರ ಹುಡುಕಲೇಬೇಕಾಯಿತು.

ಉತ್ತರ ಫೈಲಿನ ದಿನಾಂಕದಲ್ಲಿತ್ತು. ಫೋನಿನಲ್ಲಿದ್ದ ಕರ್ನಾಟಕದ ನಕ್ಷೆಯನ್ನು ನಾನು ಮೇ ತಿಂಗಳಲ್ಲಿ ಇಳಿಸಿದ್ದೆ. ಆಗ ಸೇತುವೆ ನಿರ್ಮಾಣ ಹಂತದಲ್ಲಿತ್ತು. ನಿರ್ಮಾಣ ಹಂತದ ರಸ್ತೆಯ ಮೇಲೆ ಆ್ಯಪ್ ದಾರಿ ಲೆಕ್ಕ ಹಾಕುವುದಿಲ್ಲ, ಹಾಕಬಾರದು. ಲಾಂಚ್ ಮಾರ್ಗ ಫೆರಿ ಎಂಬ ಗೆರೆಯಾಗಿ ನಕ್ಷೆಯಲ್ಲಿತ್ತು, ಆ್ಯಪ್ ಅದನ್ನೇ ಆರಿಸಿಕೊಂಡಿತು. ತನ್ನ ಬಳಿಯಿದ್ದ ಮಾಹಿತಿಗೆ ಅದು ನಿಷ್ಠವಾಗಿಯೇ ನಡೆದುಕೊಂಡಿತ್ತು.

ಮುಕ್ತ ನಕ್ಷೆಗಳ ಗುಣದೋಷಗಳನ್ನು ಕುರಿತ ಹೆಚ್ಚಿನ ಚರ್ಚೆಗಳು ನಕ್ಷೆಯಲ್ಲಿ ಏನಿದೆ, ಏನಿಲ್ಲ ಎಂಬಲ್ಲಿಗೆ ನಿಲ್ಲುತ್ತವೆ. ನಮ್ಮ ಪ್ರಕರಣದಲ್ಲಿ ನಿಜವಾಗಿ ಕಾಡಿದ್ದು ಎರಡು ವಿಳಂಬಗಳು. ನೆಲದ ಮೇಲಿನ ಬದಲಾವಣೆ ದತ್ತಾಂಶಕ್ಕೆ ಸೇರುವವರೆಗಿನದು ಮೊದಲನೆಯದು. ಅಲ್ಲಿ ಯಾರಾದರೂ ತಿದ್ದಿದ ಕ್ಷಣವೇ ಅದು ಸರ್ವರ್‌ನಲ್ಲಿ ಇರುತ್ತದೆ. ಸರ್ವರ್‌ನಿಂದ ಫೋನಿಗೆ ಬರುವುದು ಎರಡನೆಯದು. ಆ್ಯಪ್ ತಯಾರಿಸುವವರು ಕೆಲವು ವಾರಗಳಿಗೊಮ್ಮೆ ದತ್ತಾಂಶವನ್ನು ತಮ್ಮ ನಮೂನೆಯ ಫೈಲಾಗಿ ಕಟ್ಟುತ್ತಾರೆ, ಬಳಕೆದಾರರು ಅದನ್ನು ಇಳಿಸಿಕೊಳ್ಳಬೇಕು. ಇಂಟರ್ನೆಟ್ ಇಲ್ಲದೆ ಕೆಲಸ ಮಾಡುವುದೇ ಈ ಆ್ಯಪ್‌ಗಳ ಬಲ, ಎರಡನೆಯ ವಿಳಂಬ ಹುಟ್ಟುವುದೂ ಆ ಬಲದಿಂದಲೇ. ಆಸ್ಮ್ಯಾಂಡ್‌ನಲ್ಲಿ ಗಂಟೆಗಂಟೆಯ ತಿದ್ದುಪಡಿಗಳನ್ನು ತರಿಸಿಕೊಳ್ಳುವ ಲೈವ್ ಸೌಲಭ್ಯವಿದೆ. ಅದು ಚಂದಾದಾರರಿಗೆ ಮತ್ತು ಸಕ್ರಿಯವಾಗಿ ನಕ್ಷೆ ತಿದ್ದುವವರಿಗೆ ಸಿಗುತ್ತದೆ. ಆಸ್ಮ್ಯಾಂಡ್‌ನಲ್ಲೇ ಒಂದು ರಸ್ತೆಯನ್ನು ಪರದೆಯ ಮೇಲೆ ಆರಿಸಿ, ಅದನ್ನು ಬಿಟ್ಟು ದಾರಿ ತೋರಿಸೆಂದು ಹೇಳಲೂಬಹುದು. ಕಾಲುಸಂಕದ ಗೆರೆಗೆ ಹೀಗೆ ಮಾಡಿದ್ದರೆ ಹೊಸ ಫೈಲಿಗಾಗಿ ಕಾಯಬೇಕಾಗಿರಲಿಲ್ಲ. ಲಾಂಚ್ ವಿಷಯದಲ್ಲಿ ಪರಿಹಾರ ಇನ್ನೂ ಸುಲಭವಿತ್ತು, ಏಕೆಂದರೆ ಎರಡೂ ಆ್ಯಪ್‌ಗಳಲ್ಲಿ ಫೆರಿ ಬೇಡ ಎಂಬ ಗುಂಡಿ ಇದೆ. ಸೇತುವೆ ತೆರೆಯುವ ದಿನ ಮೊದಲೇ ಪ್ರಕಟವಾಗಿದ್ದರೂ ನಾನು ಆ ಗುಂಡಿ ಒತ್ತಿರಲಿಲ್ಲ.

ಹೊಸ ಫೈಲು ಇಳಿಸಿಕೊಂಡ ಮೇಲೆ ದಾರಿ ಸೇತುವೆಯ ಮೇಲೆಯೇ ಬಂತು. ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಮೂರೂ ಫೋನುಗಳ ನಕ್ಷೆಯನ್ನು ನವೀಕರಿಸಿ, ಫೋನಿನ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ದಿನಾಂಕ ಬರೆಯುತ್ತಿದ್ದೇವೆ.

ಹೆಸರುಗಳ ಪ್ರಶ್ನೆ

ಈ ಐದು ತಿಂಗಳಲ್ಲಿ ಅತಿ ಹೆಚ್ಚು ಸಮಯ ತಿಂದದ್ದು ಹೆಸರುಗಳು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ಊರಿಗೆ ಸಾಮಾನ್ಯ ಹೆಸರಿನ ಜೊತೆಗೆ ಪ್ರತಿ ಭಾಷೆಗೂ ಪ್ರತ್ಯೇಕ ಟ್ಯಾಗ್ ಇರುತ್ತದೆ. ಕನ್ನಡದ ಟ್ಯಾಗ್ ತುಂಬಿದ್ದರೆ ಫೋನಿನ ಭಾಷೆ ಕನ್ನಡವಾದೊಡನೆ ನಕ್ಷೆಯ ಮೇಲೆ ಊರಿನ ಹೆಸರು ಕನ್ನಡದಲ್ಲಿ ಮೂಡುತ್ತದೆ, ಕನ್ನಡದಲ್ಲಿ ಬರೆದು ಹುಡುಕಿದರೂ ಸಿಗುತ್ತದೆ. ತುಂಬಿರದಿದ್ದರೆ ಆ ಊರು ಕನ್ನಡದಲ್ಲಿ ಹುಡುಕುವವರ ಪಾಲಿಗೆ ಇಲ್ಲದಂತೆಯೇ. ದೊಡ್ಡ ಊರುಗಳಿಗೆ ಕನ್ನಡ ಹೆಸರು ಇತ್ತು. ನಾವು ಹೋಗುತ್ತಿದ್ದ ಮಜರೆಗಳಲ್ಲಿ ಹಲವಕ್ಕೆ ಇರಲಿಲ್ಲ, ಕೆಲವು ನಕ್ಷೆಯಲ್ಲೇ ಇರಲಿಲ್ಲ. ಇಂಗ್ಲಿಷ್‌ನಲ್ಲಿ ಹುಡುಕೋಣವೆಂದರೆ ಕೊನೆಯ ಉಕಾರ ಬರೆಯಬೇಕೋ ಬಿಡಬೇಕೋ, ದೀರ್ಘಕ್ಕೆ ಎರಡು ಅಕ್ಷರ ಹಾಕಬೇಕೋ ಒಂದೋ ಎಂಬ ಗೊಂದಲ. ಒಂದೇ ಹೆಸರಿನ ಕೊಪ್ಪಗಳೂ ಹೊಸೂರುಗಳೂ ಜಿಲ್ಲೆಯ ತುಂಬ ಇರುವುದರಿಂದ ಒಮ್ಮೆ ಹೊಸನಗರ ತಾಲ್ಲೂಕಿನ ಊರಿಗೆ ಇಡೀ ದಿನದ ಯೋಜನೆ ಹಾಕಿ, ಹೊರಡುವ ಮುನ್ನ ಚಾಲಕರು ಹಿಡಿದುಕೊಟ್ಟದ್ದರಿಂದ ಉಳಿದೆವು.

ಕನ್ನಡ ಹೆಸರು ತುಂಬುವ ಕೆಲಸವನ್ನು ನಾವು ಶಾಲೆಯ ಬೋರ್ಡಿನಿಂದ ಆರಂಭಿಸಿದೆವು. ನೆಲದ ಮೇಲೆ ಕಣ್ಣಿಗೆ ಕಾಣುವುದನ್ನೇ ಬರೆಯಬೇಕೆಂಬುದು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮೂಲ ನಿಯಮಗಳಲ್ಲೊಂದು; ಇನ್ನೊಂದು ನಕ್ಷೆಯಿಂದ, ಅದು ಎಷ್ಟೇ ಜನಪ್ರಿಯವಾಗಿದ್ದರೂ, ನಕಲು ಮಾಡುವಂತಿಲ್ಲ. ಸರ್ಕಾರಿ ಶಾಲೆಯ ಬೋರ್ಡು, ಹಾಲಿನ ಡೇರಿಯ ಬೋರ್ಡು, ಬಸ್ ನಿಲ್ದಾಣದ ಗೋಡೆ ಈ ಮೂರೂ ಒಪ್ಪಿದರೆ ಆ ಕಾಗುಣಿತ ಅಂತಿಮ. ಒಪ್ಪದಿದ್ದರೆ ಶಾಲೆಯದನ್ನು ಮುಖ್ಯ ಹೆಸರಾಗಿಯೂ ಉಳಿದದ್ದನ್ನು ಪರ್ಯಾಯ ಹೆಸರಾಗಿಯೂ ದಾಖಲಿಸಿದೆವು. ನರ್ಸ್ ಫೋಟೊ ತೆಗೆದು ತರುತ್ತಿದ್ದರು, ನಾನು ರಾತ್ರಿ ತುಂಬುತ್ತಿದ್ದೆ. ತನ್ನ ಮಜರೆಯ ಹೆಸರು ಫೋನಿನ ಪರದೆಯ ಮೇಲೆ ಕನ್ನಡದಲ್ಲಿ ಬಂದದ್ದನ್ನು ಒಬ್ಬ ರೋಗಿಯ ಮಗ ನೋಡಿ, ಅದನ್ನು ಹಾಸಿಗೆಯಲ್ಲಿದ್ದ ತಂದೆಗೆ ಓದಿ ಹೇಳಿದನೆಂದು ನರ್ಸ್ ತಿಳಿಸಿದ ದಿನ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ.

ಮನೆಯ ವಿಳಾಸದ ಸಮಸ್ಯೆ ಮಾತ್ರ ಬಗೆಹರಿಯಲಿಲ್ಲ. ಮಲೆನಾಡಿನ ಒಂಟಿಮನೆಗಳಿಗೆ ಬೀದಿಯೂ ಇಲ್ಲ, ಬೀದಿಯ ನಂಬರೂ ಇಲ್ಲ. ಮೊದಲ ಭೇಟಿಯಲ್ಲಿ ಕೇಳಿಕೊಂಡೇ ಹೋಗಬೇಕು, ಅಂಗಳದಲ್ಲಿ ನಿಂತು ಫೋನಿನಲ್ಲಿ ಗುರುತು ಹಾಕಿಕೊಳ್ಳಬೇಕು, ಎರಡನೆಯ ಭೇಟಿಯಿಂದ ಆ ಗುರುತನ್ನು ನೆಚ್ಚಬೇಕು.

ಬಯಲಿಗೆ ಬರಬಾರದ ಮಾಹಿತಿ

ಹೆಸರು ತುಂಬುವ ಉತ್ಸಾಹದಲ್ಲಿದ್ದಾಗ ನೆರವಿಗೆ ಬಂದ ಕಾಲೇಜು ಹುಡುಗನೊಬ್ಬ ರೋಗಿಗಳ ಮನೆಗಳನ್ನೂ ನಕ್ಷೆಗೆ ಸೇರಿಸಲು ಹೊರಟಿದ್ದ. ತಡೆದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಲ್ಲರಿಗೂ ತೆರೆದ ದಾಖಲೆ. ಯಾರು, ಯಾವಾಗ, ಎಲ್ಲಿ ತಿದ್ದಿದರೆಂಬುದೂ ಅಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಭೇಟಿಯ ದಿನವೇ ಆ ಮನೆಯ ಸುತ್ತಲಿನ ದಾರಿ ತಿದ್ದಿದರೆ ತಿದ್ದುಪಡಿಗಳ ಸಾಲು ನೋಡಿದವರಿಗೆ ನಮ್ಮ ಓಡಾಟ ಗೊತ್ತಾಗುತ್ತದೆ. ವ್ಯಾನಿನ ಜಿಪಿಎಸ್ ಜಾಡನ್ನು ಬಹಿರಂಗವಾಗಿ ಅಪ್‌ಲೋಡ್ ಮಾಡುವುದಂತೂ ಸಲ್ಲದು. ಹೀಗಾಗಿ ತಿದ್ದುಪಡಿಗಳನ್ನು ಒಟ್ಟುಗೂಡಿಸಿಟ್ಟುಕೊಂಡು ವಾರದ ಬೇರೊಂದು ದಿನ, ಇಡೀ ಊರಿನ ದಾರಿಗಳ ಜೊತೆ ಸೇರಿಸುವ ಕ್ರಮ ಮಾಡಿದೆವು. ಆ್ಯಪ್ ಎಷ್ಟೇ ಖಾಸಗಿತನ ಕಾಪಾಡಿದರೂ ಅದರ ಬುಡದಲ್ಲಿರುವ ನಕ್ಷೆ ಸಾರ್ವಜನಿಕ ಎಂಬುದನ್ನು ಸೇವಾಕಾರ್ಯದಲ್ಲಿರುವವರು ಮರೆಯಬಾರದು. ಈ ಎಚ್ಚರಿಕೆ ನನ್ನ ಕಣ್ಣಿಗೆ ಬೇರೆಲ್ಲೂ ಸ್ಪಷ್ಟವಾಗಿ ಬಿದ್ದಿರಲಿಲ್ಲ.

ನಕ್ಷೆ ಮಾಡಲು ಸರ್ಕಾರದ ಅನುಮತಿ ಬೇಡವೇ ಎಂದು ವೈದ್ಯರು ಕೇಳಿದ್ದರು. 2021ರ ಫೆಬ್ರುವರಿ 15ರ ಕೇಂದ್ರದ ಮಾರ್ಗಸೂಚಿ ನಕ್ಷೆ ದತ್ತಾಂಶ ಸಂಗ್ರಹಕ್ಕೆ ಪೂರ್ವಾನುಮತಿಯ ಅಗತ್ಯವನ್ನು ಭಾರತೀಯರಿಗೆ ತೆಗೆದುಹಾಕಿದೆ, ಸೂಕ್ಷ್ಮ ಮಾಹಿತಿಯ ಮೇಲಿನ ನಿರ್ಬಂಧ ಉಳಿದಿದೆ. ಅಣೆಕಟ್ಟು, ವಿದ್ಯುದಾಗಾರಗಳ ಸುತ್ತಮುತ್ತ ನಾವು ಏನನ್ನೂ ಮುಟ್ಟಲಿಲ್ಲ.

ಎರಡು ಆ್ಯಪ್‌ಗಳ ನಡುವೆ

ಆರ್ಗ್ಯಾನಿಕ್ ಮ್ಯಾಪ್ಸ್ ಹಗುರವಾದದ್ದು. ಅಗ್ಗದ ಫೋನಿನಲ್ಲೂ ಚುರುಕಾಗಿ ದಾರಿ ತೋರಿಸುತ್ತದೆ, ಚಾಲಕರು ಅರ್ಧ ಗಂಟೆಯಲ್ಲಿ ಕಲಿತರು. ಆಸ್ಮ್ಯಾಂಡ್‌ನಲ್ಲಿ ಎತ್ತರದ ರೇಖೆಗಳಿಂದ ಹಿಡಿದು ಜಾಡು ದಾಖಲಿಸುವವರೆಗೆ ಎಲ್ಲವೂ ಇದೆ, ಆದರೆ ಆಯ್ಕೆಗಳ ಕಾಡಿನಲ್ಲಿ ಹೊಸಬರು ದಿಕ್ಕು ತಪ್ಪುತ್ತಾರೆ, ಹಳೆಯ ಫೋನುಗಳಲ್ಲಿ ದೂರದ ದಾರಿಯ ಲೆಕ್ಕ ನಿಧಾನ. ನಾವು ಮೊದಲನೆಯದನ್ನು ವ್ಯಾನಿಗೂ ಎರಡನೆಯದನ್ನು ನನ್ನ ಮೇಜಿಗೂ ಇಟ್ಟುಕೊಂಡೆವು. ತಲುಪುವ ಸಮಯವನ್ನು ಎರಡರಲ್ಲೂ ನಂಬಲಿಲ್ಲ. ರಸ್ತೆಯ ದರ್ಜೆ ನೋಡಿ ವೇಗ ಊಹಿಸುವ ಲೆಕ್ಕಕ್ಕೆ ಆಷಾಢದ ಮಣ್ಣುರಸ್ತೆ ಹೇಗಿರುತ್ತದೆಂದು ಗೊತ್ತಿಲ್ಲ. ಹಾಗಾಗಿ ಅದು ಹೇಳಿದ ಸಮಯವನ್ನು ಮಳೆಗಾಲದಲ್ಲಿ ಇಮ್ಮಡಿ ಮಾಡಿ ವೇಳಾಪಟ್ಟಿ ಬರೆದೆವು.

ಇಂಥ ಆ್ಯಪ್ ನಾಳೆ ನಿಂತುಹೋದರೆ ಏನು ಗತಿ ಎಂಬ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ಉತ್ತರವಿದೆ. ಮ್ಯಾಪ್ಸ್.ಮಿ ಎಂಬ ಆ್ಯಪ್ 2014ರಲ್ಲಿ ರಷ್ಯಾದ ಮೇಲ್.ರು ಕಂಪನಿಯ ಪಾಲಾಗಿ, 2015ರಲ್ಲಿ ಅದರ ಕೋಡ್ ಮುಕ್ತವಾಯಿತು. 2020ರಲ್ಲಿ ಅದು ಮತ್ತೆ ಮಾರಾಟವಾದಾಗ ಅದನ್ನು ಕಟ್ಟಿದವರಲ್ಲಿ ಕೆಲವರು ಆ ಮುಕ್ತ ಕೋಡನ್ನೇ ತೆಗೆದುಕೊಂಡು ಆರ್ಗ್ಯಾನಿಕ್ ಮ್ಯಾಪ್ಸ್ ರೂಪಿಸಿದರು. 2025ರಲ್ಲಿ ಅದರ ಆಡಳಿತದ ಕುರಿತು ಕೊಡುಗೆದಾರರಲ್ಲಿ ಭಿನ್ನಮತ ಬಂದು ಕೋಮ್ಯಾಪ್ಸ್ ಎಂಬ ಇನ್ನೊಂದು ಕವಲು ಹುಟ್ಟಿತು. ನಮ್ಮ ಅಧ್ಯಯನದ ಅವಧಿಯಲ್ಲೇ ಈ ಒಡಕು ನಡೆದದ್ದರಿಂದ ಯಾವುದನ್ನು ಉಳಿಸಿಕೊಳ್ಳುವುದೆಂಬ ಗೊಂದಲ ನಮಗೂ ತಟ್ಟಿತು. ಆದರೂ ಮನೆಗಳ ಗುರುತಿನ ಫೈಲು ನಮ್ಮ ಕೈಯಲ್ಲಿತ್ತು, ನಕ್ಷೆಯ ದತ್ತಾಂಶ ಎಲ್ಲರದಾಗಿತ್ತು. ಆ್ಯಪ್ ಬದಲಿಸಬೇಕಾಗಿ ಬಂದಿದ್ದರೂ ಒಂದು ಮಧ್ಯಾಹ್ನದ ಕೆಲಸವಷ್ಟೇ ಆಗುತ್ತಿತ್ತು.

ಈಗಿನ ಸ್ಥಿತಿ

ನರ್ಸ್ ಮತ್ತು ಚಾಲಕರಿಗೆ ನಕ್ಷೆಯ ಮೇಲೆ ಟಿಪ್ಪಣಿ ಬಿಡುವುದನ್ನು ಕಲಿಸಿದ್ದೇನೆ. ಇಲ್ಲಿ ಸಂಕ ಇದೆ, ಈ ಗೇಟಿಗೆ ಬೀಗ ಎಂದು ಕನ್ನಡದಲ್ಲೇ ಬರೆದಿಟ್ಟರೆ ಬಲ್ಲವರು ಯಾರಾದರೂ ತಿದ್ದುತ್ತಾರೆ. ರೋಗಿಯ ಸುಳಿವು ಕೊಡುವ ಮಾತು ಅದರಲ್ಲಿ ಬರಬಾರದೆಂದು ಅವರಿಗೆ ತಿಳಿಸಿದ್ದೇನೆ. ನಾನೊಬ್ಬನೇ ತಿದ್ದುವ ಸ್ಥಿತಿ ಸ್ವಲ್ಪ ಸಡಿಲವಾಗಿದೆ.

ಇದೇ ಹಿನ್ನೀರಿನ ಇನ್ನೊಂದು ದಾಟುವ ಜಾಗವಾದ ಹಸಿರುಮಕ್ಕಿಯ ಲಾಂಚ್ ಇನ್ನೂ ನಮಗೆ ಒಗ್ಗಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಲ್ಲಿ ಲಾಂಚ್ ನಿಲ್ಲುತ್ತದೆ, ಮಳೆ ಬಂದು ನೀರೇರಿದ ಮೇಲೆ ಮತ್ತೆ ಆರಂಭವಾಗುತ್ತದೆ. ಇದು ವರ್ಷದ ಕೆಲವು ಕಾಲ ಮಾತ್ರ ಓಡುತ್ತದೆಂದು ಟ್ಯಾಗ್ ಹಾಕಬಹುದು. ಆದರೆ ಯಾವ ದಿನ ನಿಲ್ಲುತ್ತದೆ ಎಂಬುದನ್ನು ಲಿಂಗನಮಕ್ಕಿಯ ನೀರಿನ ಮಟ್ಟ ನಿರ್ಧರಿಸುತ್ತದೆ, ಅದನ್ನು ಹೇಳುವ ಟ್ಯಾಗ್ ಇಲ್ಲ. ಮೇ ತಿಂಗಳ ನಮ್ಮ ಮೊದಲ ಯೋಜನೆಯಲ್ಲೇ ಆ್ಯಪ್ ಆ ದಾರಿಯನ್ನು ಸೂಚಿಸಿತ್ತು. ಆ ಕಡೆ ಹೋಗಬೇಕಾದಾಗ ಹಿಂದಿನ ಸಂಜೆ ನರ್ಸ್ ದಡದ ಹತ್ತಿರದ ಅಂಗಡಿಗೆ ಫೋನ್ ಮಾಡುತ್ತಾರೆ. "ಅಣ್ಣ, ನಾಳೆ ಲಾಂಚ್ ಉಂಟಾ?" ಎಂದು ಕೇಳಿ, ಉತ್ತರವನ್ನು ಫೋನಿನ ಹಿಂಬದಿಯ ಚೀಟಿಯಲ್ಲಿ ನಕ್ಷೆಯ ದಿನಾಂಕದ ಕೆಳಗೆ ಬರೆಯುತ್ತಾರೆ.